ಗೆದ್ದವರು ಇನ್ನೂ ಊರಿಗೆ ಬಂದಿಲ್ಲ

ಜಾವಾ ದ್ವೀಪ
೧೮ ನವೆಂಬರ್ ೧೯೪೫

ಪ್ರೀತಿಯ ಅಕ್ಕನಿಗೆ ಮೂರ್ತಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಬಷೀರನೂ ಚೆನ್ನಾಗಿದ್ದಾನೆ. ಈ ಎರಡನೆಯ ಮಾತನ್ನು ಮೊದಲು ಇಮಾಮ್ ಬೀಗೆ ಹೇಳಿ ಬಂದು ಆಮೇಲೆ ಮುಂದಕ್ಕೆ ಓದು. ಕಾಗದ ಬರೆಯುವುದರಲ್ಲಿ ಅವರ ಮಗ ಎಂಥ ಸೋಮಾರಿ ಎಂದು ನಿನಗೆ ಗೊತ್ತೇ ಇದೆ.

ಯುದ್ಧ ಮುಗಿಯಿತು, ಮಗ ಇವತ್ತು ಬಂದಾನು, ನಾಳೆ ಬಂದಾನು ಎಂದು ಅಪ್ಪ ಕಾಯುತ್ತಿರಬೇಕು. ಆಗಸ್ಟಿನಲ್ಲಿ ಜಪಾನು ಶರಣಾದ ಸುದ್ದಿ ಬಂದ ದಿನ ನಮ್ಮ ಕಂಪನಿಯವರೆಲ್ಲ ಟೋಪಿ ಮೇಲಕ್ಕೆ ತೂರಿ ಕುಣಿದೆವು. ಹಡಗು ಹತ್ತಿದಾಗ ಅದು ಮದ್ರಾಸಿಗೇ ಹೋಗುವುದು ಎಂದು ಬಷೀರ್ ಎಲ್ಲರ ಹತ್ತಿರ ಪಂತ ಕಟ್ಟಿದ್ದ. ಹಡಗು ದಕ್ಷಿಣಕ್ಕೆ ತಿರುಗಿತು. ಇಳಿದದ್ದು ಇಲ್ಲಿ. ಬಂದರಿನ ಹೆಸರು ಬರೆದರೆ ಸೆನ್ಸಾರಿನವರು ಮಸಿ ಬಳಿಯುತ್ತಾರೆ.

ಯುದ್ಧಕ್ಕೆ ಮುಂಚೆ ಈ ದೇಶ ಡಚ್ಚರದ್ದಾಗಿತ್ತು. ನಡುವೆ ಜಪಾನಿನವರು ಕಿತ್ತುಕೊಂಡರು. ಈಗ ಜಪಾನಿನವರು ಸೋತ ಮೇಲೆ ಇಲ್ಲಿಯ ಜನ ತಮ್ಮ ದೇಶ ತಮ್ಮದೆಂದು ಬಾವುಟ ಏರಿಸಿದ್ದಾರೆ. ಕ್ಯಾಂಪುಗಳಲ್ಲಿ ಸೆರೆಯಿದ್ದ ಡಚ್ ಹೆಂಗಸರು ಮಕ್ಕಳನ್ನು ಬಿಡಿಸಿ ಹಡಗು ಹತ್ತಿಸುವುದು ನಮ್ಮ ಕೆಲಸ ಎಂದು ಹೇಳಿ ಕರೆತಂದರು. ಆ ಕೆಲಸದ ಬಗ್ಗೆ ನನಗೆ ಬೇಸರವಿಲ್ಲ. ಮೂಳೆ ಚಕ್ಕಳವಾಗಿದ್ದ ಒಬ್ಬ ಮುದುಕಿಯನ್ನು ನಾನೇ ಎತ್ತಿ ಲಾರಿಯಲ್ಲಿ ಕೂರಿಸಿದೆ. ಕೊಕ್ಕರೆಯಷ್ಟೂ ಭಾರವಿರಲಿಲ್ಲ. ಆದರೆ ಅದು ಮುಗಿದ ಮೇಲೂ ನಾವು ಇಲ್ಲೇ ಇದ್ದೇವೆ. ಡಚ್ಚರು ಮತ್ತೆ ಬಂದು ಗದ್ದುಗೆ ಏರುವ ತನಕ ಊರು ಕಾಯಬೇಕಂತೆ. ವಿಚಿತ್ರ ಕೇಳು: ಶರಣಾದ ಜಪಾನಿ ಸಿಪಾಯಿಗಳ ಕೈಗೇ ಬಂದೂಕು ಕೊಟ್ಟು ನಮ್ಮ ಪಕ್ಕ ಕಾವಲಿಗೆ ನಿಲ್ಲಿಸಿದ್ದಾರೆ.

ಬಷೀರ್ ಮೊನ್ನೆ ಅವರನ್ನು ನೋಡಿ, "ಏನ್ ಗುರು ಇದು, ಬರ್ಮಾದಲ್ಲಿ ಇವ್ರನ್ನ ಹೊಡೀರಿ ಅಂದ್ರು. ಈಗ ಇವ್ರ ಜೊತೆ ಸೇರ್ಕೊಂಡು ಆ ಬಡಪಾಯಿಗಳ್ನ ಹೊಡೀರಿ ಅಂತಾರೆ. ಯಾರ ಕಡೆಯವರು ನಾವು?" ಎಂದ. ಸೇತುವೆಯ ಗೋಡೆಯ ಮೇಲೆ ಇಲ್ಲಿಯ ಜನ ನಮಗೋಸ್ಕರವೇ ಉರ್ದುವಿನಲ್ಲಿ ಏನೋ ಬರೆದಿದ್ದಾರೆ. ಅವನು ಅದನ್ನು ನಿಂತು ಓದಿದ. ನನಗೆ ಅರ್ಥ ಹೇಳು ಎಂದರೆ ಹೇಳಲಿಲ್ಲ.

ಅಪ್ಪನಿಗೆ ಕೆಮ್ಮಿನ ಔಷಧಿ ತಪ್ಪಿಸದೆ ಕೊಡು.

ನಿನ್ನ ತಮ್ಮ,
ಅಂಜನಮೂರ್ತಿ


ಹಲಸೂರು
೧೬ ಡಿಸೆಂಬರ್ ೧೯೪೫

ಚಿರಂಜೀವಿ ಮೂರ್ತಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ನಾಲ್ಕು ವಾರ ತಿರುಗಿ ಮನೆ ಸೇರಿತು. ಮೂರು ಸಾಲಿಗೆ ಮಸಿ ಬಿದ್ದಿದೆ. ನೀನು ಹೇಳಿದ ಹಾಗೆಯೇ ಮೊದಲು ಇಮಾಮ್ ಬೀ ಮನೆಗೆ ಹೋದೆ. ಮಿಲಿಟರಿ ಕಂತ್ರಾಟಿನ ಅಂಗಿಗಳಿಗೆ ಗುಂಡಿ ಹಾಕುತ್ತ ಕೂತಿದ್ದರು. ಅದೂ ಈ ತಿಂಗಳಿಗೆ ಮುಗಿಯಿತಂತೆ. ಯುದ್ಧವಿಲ್ಲ, ಅಂಗಿಯೂ ಬೇಡ. ಬಷೀರ್ ಚೆನ್ನಾಗಿದ್ದಾನೆ ಎಂದೆ. "ಇನ್ನೊಂದ್ಸಲ ಓದು ಬೇಟಿ" ಎಂದರು. ಮೂರು ಸಲ ಓದಿಸಿಕೊಂಡರು.

ಅಪ್ಪ ಕೆಲಸ ಮಾಡುವ ವಿಮಾನದ ಕಾರ್ಖಾನೆಯಿಂದ, ಯುದ್ಧಕ್ಕೆಂದು ಬಂದಿದ್ದ ಅಮೆರಿಕದವರು ಗಂಟುಮೂಟೆ ಕಟ್ಟುತ್ತಿದ್ದಾರೆ. ಬಡಗಿಗಳಲ್ಲಿ ಯಾರನ್ನು ಉಳಿಸುತ್ತಾರೋ ಯಾರನ್ನು ಬಿಡುತ್ತಾರೋ ಎಂದು ಅಪ್ಪನಿಗೆ ಚಿಂತೆ. ಆದರೂ ದಿನವೂ ಪೇಪರ್ ಓದಿಸಿ ಕೇಳುತ್ತಾರೆ. ಜಾವಾದಿಂದ ನಮ್ಮ ಸಿಪಾಯಿಗಳನ್ನು ಕರೆಸಿಕೊಳ್ಳಿ, ಇನ್ನೊಬ್ಬರ ಸ್ವಾತಂತ್ರ್ಯ ತುಳಿಯಲು ನಮ್ಮ ಮಕ್ಕಳು ಬೇಡ ಎಂದು ನಮ್ಮ ಮುಖಂಡರು ದಿನಾ ಹೇಳುತ್ತಿದ್ದಾರೆ. ಅಪ್ಪ ಕೇಳಿ, "ಹೇಳೋರು ಹೇಳ್ತಾ ಅವ್ರೆ. ಕೇಳೋರು ಲಂಡನ್ನಾಗವ್ರೆ" ಎನ್ನುತ್ತಾರೆ.

ಉರ್ದುವಿನಲ್ಲಿ ಏನು ಬರೆದಿತ್ತು? ಬಷೀರನನ್ನು ಕೇಳಿ ಬರಿ. ನಾಲ್ಕಕ್ಷರ ಅವನ ಕೈಯಲ್ಲೂ ಬರೆಸು.

ಇಂತಿ,
ಆದಿಲಕ್ಷ್ಮಿ


ಜಾವಾ
೫ ಜನವರಿ ೧೯೪೬

ಅಕ್ಕನಿಗೆ ನಮಸ್ಕಾರ.

ಈ ಸುದ್ದಿಯನ್ನು ಸರ್ಕಾರದ ಕಾಗದಕ್ಕಿಂತ ಮುಂಚೆ ನೀನೇ ಇಮಾಮ್ ಬೀಗೆ ತಿಳಿಸುವುದು ಒಳ್ಳೆಯದು. ಡಿಸೆಂಬರ್ ಇಪ್ಪತ್ತೊಂದನೇ ತಾರೀಖು ಶುಕ್ರವಾರ ಬಷೀರ್ ನಮಾಜಿಗೆಂದು ಪೇಟೆಯ ಮಸೀದಿಗೆ ಹೋದವನು ನಮ್ಮ ಬಿಡಾರದ ಲೈನಿಗೆ ವಾಪಸು ಬರಲಿಲ್ಲ. ಹುಡುಕಲು ನನ್ನನ್ನೇ ಇಬ್ಬರು ಸಿಪಾಯಿಗಳ ಜೊತೆ ಕಳಿಸಿದರು. ಸಿಗಲಿಲ್ಲ. ಕಾಣೆಯಾಗಿದ್ದಾನೆ ಎಂದು ದಾಖಲಾಗಿದೆ. ಒಬ್ಬಂಟಿಯಾಗಿ ಹೋದವರು ಕೆಲವರು ಇಲ್ಲಿ ಕಾಲುವೆಯಲ್ಲಿ ಹೆಣವಾಗಿ ಸಿಕ್ಕಿದ್ದಾರೆ.

ಇದಕ್ಕಿಂತ ಹೆಚ್ಚಿಗೆ ನನಗೆ ತಿಳಿಯದು.

ಅಂಜನಮೂರ್ತಿ


ಹಲಸೂರು
೩ ಫೆಬ್ರವರಿ ೧೯೪೬

ಮೂರ್ತಿಗೆ ಆಶೀರ್ವಾದ.

ನೀನು ಬರೆದದ್ದನ್ನು ಹೇಳಿದೆ. ಇಮಾಮ್ ಬೀ ಅಳಲಿಲ್ಲ. ಸೂಜಿಗೆ ದಾರ ಪೋಣಿಸಲು ನೋಡಿದರು, ಆಗಲಿಲ್ಲ, ನನ್ನ ಕೈಗೆ ಕೊಟ್ಟರು. ಪೋಣಿಸಿಕೊಟ್ಟೆ.

ಒಂದು ವಾರದ ಮೇಲೆ ಇಬ್ಬರು ಮಿಲಿಟರಿ ಪೊಲೀಸಿನವರು ಬಂದರು. ಮಗ ಕಾಗದ ಬರೆದನೇ, ಯಾರ ಕೈಲಾದರೂ ಹೇಳಿ ಕಳಿಸಿದನೇ ಎಂದು ಕೇಳಿದರು. ಟ್ರಂಕು ತೆಗೆಸಿ ನೋಡಿದರು. ಅದರಲ್ಲಿ ಇದ್ದದ್ದು ಅವನ ಹಬ್ಬದ ಜುಬ್ಬ ಒಂದೇ. ಅವರು ಹೋದ ಮೇಲೆ ಇಮಾಮ್ ಬೀ ನಮ್ಮ ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೇಳಿದರು: "ಸತ್ತೋನ್ನ ಹುಡುಕ್ಕೊಂಡು ಪೊಲೀಸ್ ಬರ್ತಾರೇನೇ ಬೇಟಿ?"

ಮಸೀದಿಯ ಹಿರಿಯರು ಇಷ್ಟು ದಿನವಾಯಿತು, ಅವನ ಹೆಸರಿನಲ್ಲಿ ಸತ್ತವರಿಗೆ ಓದಿಸುವ ಫಾತಿಹಾ ಓದಿಸಿಬಿಡಿ, ಆತ್ಮಕ್ಕೆ ಶಾಂತಿ ಎನ್ನುತ್ತಿದ್ದಾರಂತೆ. "ಮೂರ್ತಿಗೆ ಬರಿ. ಓದಿಸ್ಲಾ, ಬೇಡ್ವಾ? ಬೇರೆ ಏನೂ ಕೇಳಲ್ಲ ನಾನು" ಎಂದರು.

ನಾನೂ ಬೇರೆ ಏನೂ ಕೇಳುವುದಿಲ್ಲ. ಆದರೆ ಹೋದ ಸಲದ ನಿನ್ನ ಕಾಗದ ನಿನ್ನದರ ಹಾಗಿರಲಿಲ್ಲ. ಕಚೇರಿಯ ಕಾಗದದ ಹಾಗಿತ್ತು.

ಆದಿಲಕ್ಷ್ಮಿ


ಜಾವಾ
೨೭ ಫೆಬ್ರವರಿ ೧೯೪೬

ಅಕ್ಕನಿಗೆ,

ಫಾತಿಹಾ ಓದಿಸುವುದು ಬೇಡ. ಇಮಾಮ್ ಬೀಗೆ ಮೈ ಹುಷಾರಿಲ್ಲವಲ್ಲ, ಜನ ಸೇರಿಸುವುದು ಯಾಕೆ.

ಈ ತಿಂಗಳು ನಮ್ಮವರು ಮೂವರು ಸತ್ತರು. ಅದಾದ ಮೇಲೆ ಒಂದು ಹಳ್ಳಿಗೆ ಹೋಗಿ ಬಂದೆವು. ಅದನ್ನು ಬರೆಯುವುದಿಲ್ಲ. ಊರಿಗೆ ಬಂದಾಗಲೂ ಕೇಳಬೇಡ.

ಮೂರ್ತಿ


ಹಲಸೂರು
೨೨ ಸೆಪ್ಟೆಂಬರ್ ೧೯೪೬

ಮೂರ್ತಿಗೆ ಅಕ್ಕನ ಆಶೀರ್ವಾದ.

ಆರು ತಿಂಗಳಿಗೆ ಎರಡು ಕಾರ್ಡು. ಎರಡರಲ್ಲೂ "ಕ್ಷೇಮ" ಎಂಬ ಒಂದೇ ಮಾತು. ಕ್ಷೇಮವಾಗಿರುವವನು ಹೀಗೆ ಬರೆಯುವುದಿಲ್ಲ ಎಂದು ಗೊತ್ತಾಗದಷ್ಟು ದಡ್ಡಿಯಲ್ಲ ನಾನು. ಕೇಳಬೇಡ ಎಂದಿದ್ದೀಯ, ಕೇಳುತ್ತಿಲ್ಲ.

ಇಮಾಮ್ ಬೀ ಫಾತಿಹಾ ಓದಿಸಲಿಲ್ಲ. ನಿನ್ನ ಕಾಗದ ಓದಿದಾಗ ನನ್ನ ಬಾಯನ್ನೇ ನೋಡುತ್ತಿದ್ದರು. ಮುಗಿದ ಮೇಲೆ "ನಂಗೆ ಮೈ ಚೆನ್ನಾಗೇ ಐತಲ್ಲ" ಎಂದರು. ಹೇಳಿದವರೇ ಕಾಗದ ಇಸಿದುಕೊಂಡು ಎದೆಗೆ ಒತ್ತಿಕೊಂಡರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಆ ಅಳುವಿನಲ್ಲಿ ದುಃಖವಿರಲಿಲ್ಲ. ಆಚೆ ಯಾರ ಮುಂದೆಯೂ ಒಂದು ಮಾತು ಆಡಿಲ್ಲ. ಪೊಲೀಸಿನವರು ಮತ್ತೊಮ್ಮೆ ಬಂದಾಗ ಮಗನನ್ನು ಕಳೆದುಕೊಂಡ ತಾಯಿ ಹೇಗೆ ಕೂರುತ್ತಾಳೋ ಹಾಗೆಯೇ ಕೂತಿದ್ದರು.

ಈ ಸಲ ಮಳೆ ಕೈಕೊಟ್ಟು ಎಲ್ಲ ಕಡೆ ಅಕ್ಕಿಗೆ ಬರ. ರೇಷನ್ ಅಂಗಡಿಯಲ್ಲಿ ಒಂದು ವಾರ ಅಮೆರಿಕದ ಜೋಳ, ಇನ್ನೊಂದು ವಾರ ಮುಗ್ಗಲು ಗೋಧಿ. ನನ್ನ ಶಾಲೆಯ ಮಕ್ಕಳು ಮಧ್ಯಾಹ್ನದ ಹೊತ್ತಿಗೆ ಬೆಂಚಿನ ಮೇಲೇ ತಲೆಯಿಟ್ಟು ಮಲಗುತ್ತವೆ. ಹೋದ ಸೋಮವಾರ ಅಕ್ಕಿ ಬಂದಿದೆ ಎಂದು ಊರೆಲ್ಲ ಓಡಿತು. ನಾನೂ ಇಮಾಮ್ ಬೀಯೂ ಹೋಗಿ ಸಾಲಿನಲ್ಲಿ ನಿಂತೆವು. ಅಂಗಡಿಯ ಇನಾಯತ್ ಉಲ್ಲಾ ಸೇರಿಗೆ ತುಂಬುತ್ತ, "ಜಾವಾ ಅಕ್ಕಿ ಅಂತೆ. ಅಲ್ಲಿಯೋರು ಹಡಗಿನಲ್ಲಿ ಕಳ್ಸವ್ರೆ" ಎಂದ.

ಸಾಲಿನಲ್ಲಿ ಯಾರೋ ನಂಬಲಿಲ್ಲ. ನಿಜವೇ ಇರಬೇಕು. ಪೇಪರಿನಲ್ಲೂ ಬಂದಿತ್ತು. ಹಿಂದುಸ್ತಾನದಲ್ಲಿ ಜನ ಹಸಿದಿದ್ದಾರೆ ಎಂದು ಅಲ್ಲಿಯ ಹೊಸ ಸರ್ಕಾರ ಅಕ್ಕಿ ಕೊಡುತ್ತಿದೆ, ಬದಲಿಗೆ ನಾವು ಬಟ್ಟೆ ಕಳಿಸುತ್ತೇವೆ. ಇಮಾಮ್ ಬೀ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡಿದರು. "ಅವ್ರ ಮನೆ ಮಕ್ಳಿಗೆ ಇದ್ದು ಕಳ್ಸಿದಾರೋ, ಇಲ್ದೆ ಕಳ್ಸಿದಾರೋ" ಎಂದರು.

ಅವತ್ತು ಸಂಜೆ ಅನ್ನ ಬಡಿಸಿದಾಗ ಅಪ್ಪ ತಟ್ಟೆಯನ್ನೇ ನೋಡಿದರು. "ನಾವು ಅವ್ರಿಗೆ ಗುಂಡು ಕಳ್ಸಿದ್ವಿ. ಅವ್ರು ನಮ್ಗೆ ಅಕ್ಕಿ ಕಳ್ಸವ್ರೆ" ಎಂದರು. ಆಮೇಲೆ ಉಂಡರು. ಒಂದು ಅಗುಳೂ ಬಿಡಲಿಲ್ಲ.

ನಮ್ಮೂರಿನ ಕ್ಯಾಂಪಿನಲ್ಲಿದ್ದ ಇಟಲಿಯ ಸೆರೆಯಾಳುಗಳನ್ನು ರೈಲು ಹತ್ತಿಸಿ ಕಳಿಸುತ್ತಿದ್ದಾರೆ. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಅವರು ಹಾಡುತ್ತ ಕೈ ಬೀಸುವುದನ್ನು ನೋಡಿದೆ. ಸೋತವರೆಲ್ಲ ಊರು ಸೇರುತ್ತಿದ್ದಾರೆ. ಗೆದ್ದವರು ನೀವು ಇನ್ನೂ ಬಂದಿಲ್ಲ. ಯಾವಾಗ?

ಆದಿಲಕ್ಷ್ಮಿ


ಜೋಗ್ಜಾ, ಜಾವಾ
೨೦ ಆಗಸ್ಟ್ ೧೯೪೯

ಮೂರ್ತಿ,

ನಿನ್ನ ಗೆಳೆಯ ಬಷೀರ್ ಸಲಾಂ ಹೇಳುತ್ತಾನೆ.

ಅಕ್ಷರ ನೆಟ್ಟಗೆ ಬರುತ್ತಿಲ್ಲ ಕಣೋ. ಕನ್ನಡ ಬರೆದು ನಾಲ್ಕು ವರ್ಷವಾಯಿತು. ನಿಮ್ಮ ಅಕ್ಕ ನಿಮ್ಮ ಜಗಲಿಯಲ್ಲಿ ಕೂರಿಸಿ ಕಿವಿ ಹಿಂಡಿ ಕಲಿಸಿದ ಅಕ್ಷರ, ಒತ್ತು ದೀರ್ಘ ತಪ್ಪಿದ್ದರೆ ಬೈಯಬೇಡಿ ಎಂದು ಹೇಳು. ನೀನು ಊರು ಸೇರಿದೆಯೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ. ನಲವತ್ತಾರರ ಕೊನೆಯಲ್ಲಿ ನಮ್ಮ ದಂಡೆಲ್ಲ ಹಡಗು ಹತ್ತಿತು ಎಂದು ಕೇಳಿದ್ದೆ. ಆಮೇಲೆ ಡಚ್ಚರು ಎರಡು ಸಲ ನಮ್ಮ ಮೇಲೆ ಬಿದ್ದರು. ಈಗ ಗುಂಡು ನಿಂತಿದೆ. ದೆಹಲಿಗೆ ಹೋಗುವ ಒಬ್ಬರು ಈ ಕಾಗದ ಒಯ್ಯುತ್ತಾರೆ.

ಆ ಶುಕ್ರವಾರದ ಮಾತು ಹೇಳಬೇಕು. ಸಾಲಿನಲ್ಲಿ ನನ್ನ ಪಕ್ಕ ಒಬ್ಬ ಮುದುಕರು ಕೂತಿದ್ದರು. ನಮಾಜು ಮುಗಿದು ಬಲಕ್ಕೆ ತಿರುಗಿ ಸಲಾಂ ಹೇಳಿದಾಗ ಅವರ ಮುಖ ಕಂಡಿತು. ಆಮೇಲೆ ಅವರು ನನ್ನ ಕೈ ಹಿಡಿದು ಕೈಸನ್ನೆಯಲ್ಲೇ ಹೇಳಿದರು, ಅವರ ಮಗ ಸೇತುವೆ ಹತ್ತಿರ ಸತ್ತ ಎಂದು. ಕೊಂದವರು ನಾವು. ಆ ಸೇತುವೆಯ ಗೋಡೆಯ ಮೇಲಿದ್ದ ಉರ್ದುವಿನ ಅರ್ಥವೂ ಅದೇ: ನಾವೂ ನಿಮ್ಮ ಹಾಗೇ ಸ್ವಾತಂತ್ರ್ಯ ಕೇಳುವವರು, ನಮ್ಮನ್ನು ಹೊಡೆಯಬೇಡಿ ಎಂದು. ಆದರೂ ಅವರು ಕೈ ಬಿಡಲಿಲ್ಲ. ಸಲಾಂ ಹೇಳಿದವರ ಮೇಲೆ ಮರುದಿನ ಬಂದೂಕು ಎತ್ತುವುದು ನನ್ನಿಂದಾಗಲಿಲ್ಲ. ನನ್ನನ್ನು ಹುಡುಕಿಕೊಂಡು ಬಂದ ನೀನು ಇಬ್ಬರು ಸಿಪಾಯಿಗಳನ್ನು ಗೇಟಿನಲ್ಲಿ ನಿಲ್ಲಿಸಿ ಒಬ್ಬನೇ ಮಸೀದಿಯ ಅಂಗಳಕ್ಕೆ ಬಂದೆ. "ಬಾರೋ, ಹೋಗಾಣ" ಅಂದೆ. "ಬರಲ್ಲ ಮಗಾ" ಎಂದು ನಾನಂದೆ. ನೀನು ತಿರುಗಿ ಹೋದೆ. ಸಿಗಲಿಲ್ಲ ಎಂದು ಹೇಳಿರಬೇಕು. ಅದಕ್ಕೇ ನಾನು ಬದುಕಿದ್ದೇನೆ.

ಅಮ್ಮ ಇದ್ದಾರೆಯೇ? ಇದ್ದರೆ ಹೇಳು, ಮದುವೆಯಾಗಿದ್ದೇನೆ, ಹೆಂಡತಿ ಸುಮಿಯಾತಿ, ಮಗಳು ಆಮಿನಾ, ಎರಡು ವರ್ಷ. ಮೂಗು ಅಮ್ಮನದೇ.

ಇನ್ನೊಂದು ಮಾತು. ಸುಮಿಯಾತಿಯ ಹಳ್ಳಿಯನ್ನು ನಲವತ್ತಾರರ ಫೆಬ್ರವರಿಯಲ್ಲಿ ಸುಟ್ಟರು. ಅವಳೂ ಅವಳ ಚಿಕ್ಕಮ್ಮನೂ ಓಡಿದರು. ಅವಳ ತಾಯಿಗೆ ಕಾಲು ಬಿದ್ದುಹೋಗಿತ್ತು, ಹೊರಲು ಗಂಡಸರಿರಲಿಲ್ಲ. ಕಾಲುವೆ ಪಕ್ಕದ ಕೊನೆಯ ಮನೆ. ಬೆಂಕಿಯಲ್ಲಿ ಒಳಗೇ ಸತ್ತರು. ಆ ಕಡೆ ಇದ್ದದ್ದು ನಮ್ಮ ಕಂಪನಿ ಎಂದು ನನಗೆ ಗೊತ್ತು, ಅವಳಿಗೂ ಗೊತ್ತು. ನನ್ನ ಗೆಳೆಯ ಅದರಲ್ಲಿರಲಿಲ್ಲ, ಅವನು ಅಂಥವನಲ್ಲ ಎಂದು ಅವಳಿಗೆ ಆಣೆ ಮಾಡಿ ಹೇಳಿದ್ದೇನೆ. ನನ್ನನ್ನು ಉಳಿಸಿದವನೆಂದು ಆಮಿನಾ ಹುಟ್ಟಿದಾಗ ನಿನ್ನ ಹೆಸರೆತ್ತಿ ದುವಾ ಕೇಳಿದಳು. ಇರಲಿಲ್ಲ ಎಂದು ನೀನೇ ಒಂದು ಸಾಲು ಬರೆದರೆ ಅವಳಿಗೆ ನೆಮ್ಮದಿ.

ಬಷೀರ್


ಹಲಸೂರು
೯ ಅಕ್ಟೋಬರ್ ೧೯೪೯

ಬಷೀರ್,

ಅಮ್ಮ ಇದ್ದಾರೆ. ಗಟ್ಟಿಯಾಗಿದ್ದಾರೆ. ನಿನ್ನ ಕಾಗದ ಬಂದ ದಿನ ನಮ್ಮ ಮನೆಗೆ ಕರೆದು ಅಕ್ಕ ಓದಿದಳು. ಮೂಗಿನ ಮಾತಿಗೆ ನಕ್ಕರು. ಊರಿಗೆ ಬಂದ ಮೇಲೆ ಅವರು ಬಾಯಿ ಬಿಟ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಕೊನೆಯ ಭಾಗಕ್ಕೆ ಬಂದಾಗ ಅಕ್ಕ ಓದುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. "ಓದು" ಎಂದೆ. ಓದಿದಳು. ಆಮೇಲೆ ಅಮ್ಮ ಕೇಳಿದರು: "ನೀನಿದ್ಯೇನಪ್ಪಾ ಅಲ್ಲಿ?"

ಇದ್ದೆ ಎಂದೆ.

ಅವರು ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. "ನನ್ ಮಗ ಗೊತ್ತಿಲ್ದೆ ಹೆಂಡ್ತಿಗೆ ಸುಳ್ಳು ಹೇಳವ್ನೆ. ನೀನು ಗೊತ್ತಿದ್ದು ಹೇಳ್ಬೇಡ. ಇದ್ದಿದ್ದು ಇದ್ದ ಹಂಗೆ ಬರಿ" ಎಂದರು. ಬರೆದರೆ ಅವನ ಸಂಸಾರ ಏನಾದೀತೋ ಎಂದೆ. "ಸತ್ತಿದ್ದು ಆ ಹುಡ್ಗಿ ತಾಯಿ ಕಣಪ್ಪಾ" ಎಂದರು. ಅಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಹೋದರು. ಅದಾಗಿ ಮೂರು ವಾರ. ಐದು ಸಲ ಬರೆದು ಹರಿದಿದ್ದೇನೆ.

ಆ ಫೆಬ್ರವರಿಯಲ್ಲಿ ದಾರಿಯಲ್ಲಿ ನಮ್ಮ ಲಾರಿಯ ಮೇಲೆ ಗುಂಡು ಬಿತ್ತು. ಮೂವರು ಸತ್ತರು, ಅವರಲ್ಲಿ ಚಲುವಯ್ಯನೂ ಒಬ್ಬ. ಬಾಣಸವಾಡಿಯವನು, ನಿನ್ನ ಪಕ್ಕದ ಮಂಚದವನು. ಹೊಡೆದವರು ಆ ಹಳ್ಳಿಯಲ್ಲಿ ಅಡಗಿದ್ದಾರೆಂದು ಮರುದಿನ ಬೆಳಗ್ಗೆ ಹುಕುಂ ಬಂತು. ನನಗೆ ಸಿಟ್ಟಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಣ್ಣ ತಂಡ ನಡೆಸುವ ನನ್ನಂಥ ಒಬ್ಬೊಬ್ಬ ನಾಯಕನಿಗೆ ಆರಾರು ಮನೆ ಹಂಚಿದರು. ಕಾಲುವೆ ಕಡೆಯ ಆರು ನನ್ನ ಪಾಲಿಗೆ ಬಂದವು.

ಐದು ಮನೆಗಳ ಒಳಗೆ ಹೋಗಿ ನೋಡಿದೆ. ಖಾಲಿಯಿದ್ದವು. ಒಂದರಲ್ಲಿ ಒಲೆಯ ಮೇಲೆ ಗಂಜಿ ಇನ್ನೂ ಕುದಿಯುತ್ತಿತ್ತು. ಕೊನೆಯ ಮನೆಯ ಬಾಗಿಲಲ್ಲಿ ನಿಂತು ಕೂಗಿದೆ. "ಯಾರಾದ್ರೂ ಇದ್ದೀರಾ?" ಎಂದು. ಕನ್ನಡದಲ್ಲಿ. ಆ ದೇಶದ ಹತ್ತಿಪ್ಪತ್ತು ಮಾತು ನನಗೆ ಬರುತ್ತಿದ್ದವು. ಆ ಹೊತ್ತಿನಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಎರಡು ಸಲ ಕೂಗಿದೆ. ಉತ್ತರ ಬರಲಿಲ್ಲ. ಒಳಗೆ ಹೋಗಬೇಕೆಂದು ಕಾಲು ಎತ್ತಿದೆ. ಅಷ್ಟರಲ್ಲಿ ಬೆಂಕಿ ಇಡಿ ಎಂದು ಆಫೀಸರ್ ಸೀಟಿ ಊದಿದ. ನಾನು ಒಳಗೆ ಹೋಗಲಿಲ್ಲ. ಹೋಗಬಹುದಿತ್ತು. ಅರ್ಧ ನಿಮಿಷದ ಕೆಲಸ. ಸೂರಿಗೆ ಬೆಂಕಿ ಇಟ್ಟವನು ನಾನೇ, ಬೇರೆ ಯಾರೂ ಅಲ್ಲ.

ಒಳಗೆ ಒಬ್ಬರು ಇದ್ದರೆಂದು ನಿನ್ನ ಕಾಗದ ಬರುವ ತನಕ ಗೊತ್ತಿರಲಿಲ್ಲ. ಆದರೆ ಇರಬಹುದಿತ್ತು ಎಂಬುದು ಆ ದಿನದಿಂದಲೂ ಗೊತ್ತಿತ್ತು.

ನಾನು ಈಗ ಅಪ್ಪನ ಜೊತೆ ವಿಮಾನದ ಕಾರ್ಖಾನೆಯಲ್ಲಿದ್ದೇನೆ. ಡಚ್ಚರು ನಿಮ್ಮ ಮೇಲೆ ಬಿದ್ದಾಗ ಅವರ ವಿಮಾನಗಳು ನಮ್ಮ ದೇಶದ ಮೇಲೆ ಹಾರಕೂಡದೆಂದು ನಮ್ಮ ಸರ್ಕಾರ ತಡೆಯಿತು. ಅದನ್ನು ಪೇಪರಿನಲ್ಲಿ ಓದಿ ಕಾರ್ಖಾನೆಯವರೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರೂ ನನ್ನ ಕಡೆ ತಿರುಗಿ, ಜಾವಾ ನೋಡಿ ಬಂದವನು ನೀನು, ಏನಾದರೂ ಮಾತಾಡು ಎಂದರು. ನಾನು ನೀರು ಕುಡಿಯುವ ನೆಪ ಹೇಳಿ ಆಚೆ ಹೋದೆ.

ಇದನ್ನು ಅವಳಿಗೆ ಓದಿ ಹೇಳು. ಕ್ಷಮೆ ಕೇಳಲು ಬರೆದದ್ದಲ್ಲ. ಕೇಳುವ ಮುಖ ನನಗಿಲ್ಲ.

ಮೂರ್ತಿ


ಜೋಗ್ಜಾ
೩೦ ಡಿಸೆಂಬರ್ ೧೯೪೯

ಮೂರ್ತಿ,

ಮೊನ್ನೆ ಡಚ್ಚರ ಬಾವುಟ ಇಳಿಯಿತು. ಊರಿನಲ್ಲಿ ಇನ್ನೂ ಸಂಭ್ರಮ ಮುಗಿದಿಲ್ಲ. ಬೀದಿಯ ತುಂಬ ಜನ. ನಾನು ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದು ಒಂದು ತಿಂಗಳಾಯಿತು. ಮೊದಲು ನಾನೊಬ್ಬನೇ ಓದಿ, ಸುಟ್ಟುಬಿಡೋಣ ಎಂದುಕೊಂಡೆ. ಅಮ್ಮ ಹೇಳಿದ ಮಾತು ಅದರಲ್ಲಿತ್ತು, ಆಗಲಿಲ್ಲ. ಒಂದು ಬೆಳಗ್ಗೆ ಸುಮಿಯಾತಿಯನ್ನು ಕೂರಿಸಿಕೊಂಡು ಸಾಲು ಸಾಲಾಗಿ ಅವಳ ಭಾಷೆಯಲ್ಲಿ ಹೇಳುತ್ತ ಹೋದೆ. ಲಾರಿಯ ವಿಷಯ ಹೇಳಿದೆ. ಐದು ಮನೆ ನೋಡಿದ್ದನ್ನು ಹೇಳಿದೆ. ನೀನು ಬಾಗಿಲಲ್ಲಿ ನಿಂತು ಕೂಗಿದ್ದನ್ನು ಹೇಳಿದೆ. ಸೀಟಿಯ ಹತ್ತಿರ ಬಂದಾಗ ನೀನು ಕಾಲೆತ್ತಿ ಮತ್ತೆ ಹಿಂದಕ್ಕಿಟ್ಟದ್ದನ್ನು ಬಿಟ್ಟೆ. ಬಿಟ್ಟು ಮುಂದಕ್ಕೆ ಹೋದೆ.

ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಕಾಗದ ನೋಡುತ್ತಿದ್ದಳು. ಮುಗಿದ ಮೇಲೆ, ಅವನು ಏನೆಂದು ಕೂಗಿದ ಎಂದು ಕೇಳಿದಳು. ಕನ್ನಡದಲ್ಲೇ ಹೇಳಿದೆ. ಇನ್ನೊಮ್ಮೆ ಹೇಳಿಸಿದಳು. "ಅಮ್ಮನಿಗೆ ಕಿವಿ ಚೆನ್ನಾಗಿ ಕೇಳ್ತಿತ್ತು. ಗೊತ್ತಿಲ್ಲದ ಮಾತು ಅಂತ ಉಸಿರು ಬಿಗಿಹಿಡಿದು ಕೂತಿದ್ದಿರಬೇಕು" ಎಂದಳು.

ಆಮೇಲೆ ಬೆರಳಿಟ್ಟು ಸಾಲು ಎಣಿಸಿದಳು. "ನೀವು ಎಲ್ಲಾ ಹೇಳಲಿಲ್ಲ" ಎಂದಳು. ಕಾಗದ ಇಸಿದುಕೊಂಡು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಅವಳ ಚಿಕ್ಕಮ್ಮನ ಮನೆಗೆ ಹೊರಟುಹೋಗುತ್ತಾಳೆ ಎಂದೇ ನಾನು ತಿಳಿದಿದ್ದೆ.

ಐದನೆಯ ದಿನ ಮಗಳಿಗೆ ತಲೆ ಬಾಚುತ್ತ ಹೇಳಿದಳು: "ನಿಮ್ಮ ಅಕ್ಷರ ಇವಳಿಗೆ ಕಲಿಸಿ. ದೊಡ್ಡವಳಾದ ಮೇಲೆ ಇವಳು ನನಗೆ ಓದಿ ಹೇಳಲಿ. ಒಂದು ಸಾಲೂ ಬಿಡದೆ. ಪೂರ್ತಿ ಕೇಳಿದ ಮೇಲೆ ನಿಮ್ಮ ಗೆಳೆಯನಿಗೆ ನಾನು ಏನು ಹೇಳಬೇಕೋ ಹೇಳ್ತೀನಿ. ಅಲ್ಲೀ ತನಕ ಅವರು ಇಲ್ಲಿಗೆ ಬರೋದು ಬೇಡ."

ನನ್ನ ಅಮ್ಮ ಇಲ್ಲಿಗೆ ಬರಲಿ ಎಂದು ಅವಳೇ ಹೇಳಿದ್ದಾಳೆ. ಹಡಗಿನ ವಿಷಯ ವಿಚಾರಿಸುತ್ತಿದ್ದೇನೆ. ನೀನು ಕಾಯಬೇಕು ಮೂರ್ತಿ. ಎಷ್ಟು ವರ್ಷವೋ ನನಗೂ ಗೊತ್ತಿಲ್ಲ. ನಾನೂ ಕಾಯುತ್ತಿದ್ದೇನೆ, ಇದೇ ಮನೆಯಲ್ಲಿ.

ಇವತ್ತು ಬೆಳಗ್ಗೆ ಅಂಗಳದಲ್ಲಿ ಮರಳು ಹರಡಿ ಆಮಿನಾಳ ಬೆರಳು ಹಿಡಿದು ಬರೆಸಿದೆ. ಸುಮಿಯಾತಿ ಬಾಗಿಲಲ್ಲಿ ನಿಂತು ನೋಡಿದಳು. ಇನ್ನೂ ತೀರ ಸಣ್ಣ ಮಗು. "ಅ" ಒಂದು ಸ್ವಲ್ಪ ಬಂದಿದೆ. "ಆ" ಇನ್ನೂ ಬಂದಿಲ್ಲ.

ಬಷೀರ್